ಬೀಗ ಹಾಕಿದ ಮನೆಯ ಅಂಚೆ

ಹೊಸಬ: ಗ್ರಾಹಕರ ಡೊಮೈನ್‌ಗೆ ಬ್ಯಾಕಪ್ ಮೇಲ್ ಸರ್ವರ್ ಇಡುವುದೆಂದರೆ ಅವರ ಮೇಲ್‌ಬಾಕ್ಸ್‌ಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಕಾಪಾಡುವುದು ತಾನೆ ಸರ್?

ಹಳಬ: ಅಲ್ಲ. ಹೆಸರು ಕೇಳಿದವರೆಲ್ಲ ಹಾಗೇ ಎಣಿಸುತ್ತಾರೆ. ಗ್ರಾಹಕರೂ ಹಾಗೆಂದುಕೊಂಡೇ ದುಡ್ಡು ಕೊಡುತ್ತಾರೆ. ಬ್ಯಾಕಪ್ ಸರ್ವರ್‌ನಲ್ಲಿ ಮೇಲ್‌ಬಾಕ್ಸೇ ಇರುವುದಿಲ್ಲ. ಅದಕ್ಕೆ ಲಾಗಿನ್ ಆಗಿ ಯಾರೂ ಪತ್ರ ಓದುವುದಿಲ್ಲ. ಮುಖ್ಯ ಸರ್ವರ್ ಕೈಗೆ ಸಿಗದ ಹೊತ್ತಿನಲ್ಲಿ ಹೊರಗಿನಿಂದ ಬಂದ ಪತ್ರವನ್ನು ಇಸಿದುಕೊಂಡು, ಕ್ಯೂನಲ್ಲಿ ಇಟ್ಟುಕೊಂಡು, ಮುಖ್ಯ ಸರ್ವರ್ ಎದ್ದ ಮೇಲೆ ಅದಕ್ಕೆ ದಾಟಿಸುವುದಷ್ಟೇ ಅದರ ಕೆಲಸ. ಮನೆಗೆ ಬೀಗ ಹಾಕಿದ್ದಾಗ ಪಕ್ಕದ ಮನೆಯವರು ಅಂಚೆ ತೆಗೆದುಕೊಂಡು ಇಟ್ಟಿರುತ್ತಾರಲ್ಲ, ಅದೇ ಲೆಕ್ಕ. ಮನೆಯೊಳಗಿದ್ದ ಹಳೆಯ ಪತ್ರ ಕಳೆದುಹೋದರೆ ಪಕ್ಕದ ಮನೆಯವರು ಏನೂ ಮಾಡಲಾರರು. ಅದಕ್ಕೆ ಬೇಕಾದದ್ದು ಬೇರೆಯೇ ಬ್ಯಾಕಪ್. ಒಪ್ಪಂದ ಬರೆಯುವಾಗಲೇ ಇದನ್ನು ಬಿಡಿಸಿ ಹೇಳಿಬಿಡುವುದು ಒಳ್ಳೆಯದು.

ಹೊಸಬ: ಪಕ್ಕದ ಮನೆ ಯಾವುದೆಂದು ಪತ್ರ ಕಳಿಸುವ ಸರ್ವರ್‌ಗೆ ಹೇಗೆ ತಿಳಿಯುತ್ತದೆ?

ಹಳಬ: ಡಿಎನ್‌ಎಸ್‌ನಲ್ಲಿರುವ ಎಂಎಕ್ಸ್ ದಾಖಲೆಯಿಂದ. ಆ ದಾಖಲೆಯನ್ನು ನೋಡಿ ಪತ್ರವನ್ನು ಹೇಗೆ ಸಾಗಿಸಬೇಕೆಂದು 1986ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 974 ಎಂಬ ಇಂಟರ್ನೆಟ್ ನಿಯಮಗಳ ಕಡತ ವಿವರಿಸಿತು. ಬರೆದವರು ಕ್ರೇಗ್ ಪಾರ್ಟ್ರಿಜ್. ಈಗ ಚಾಲ್ತಿಯಲ್ಲಿರುವ ನಿಯಮಗಳು 2008ರ ಆರ್‌ಎಫ್‌ಸಿ 5321ರಲ್ಲಿವೆ. ಒಂದೊಂದು ಎಂಎಕ್ಸ್ ದಾಖಲೆಯಲ್ಲೂ ಒಂದು ಸಂಖ್ಯೆ, ಒಂದು ಸರ್ವರಿನ ಹೆಸರು. ಸಣ್ಣ ಸಂಖ್ಯೆಯದಕ್ಕೆ ಮೊದಲ ಸರದಿ. ಮುಖ್ಯ ಸರ್ವರ್‌ಗೆ 10, ಬ್ಯಾಕಪ್‌ಗೆ 20 ಎಂದಿಡುವುದು ವಾಡಿಕೆ. 10 ಮತ್ತು 500 ಎಂದಿಟ್ಟರೂ ಫಲ ಒಂದೇ. ಯಾವುದು ಸಣ್ಣದು ಎಂಬುದಷ್ಟೇ ಮುಖ್ಯ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಕಳಿಸುವವರು ಯಾವುದನ್ನಾದರೂ ಆರಿಸಿಕೊಂಡು ಹೊರೆ ಹಂಚುತ್ತಾರೆ.

ಹೊಸಬ: ಬ್ಯಾಕಪ್ ಇಡದೇ ಇದ್ದಲ್ಲಿ ಪತ್ರಗಳು ಕಳೆದುಹೋಗುತ್ತವೆಯೇ?

ಹಳಬ: ಸಾಮಾನ್ಯವಾಗಿ ಇಲ್ಲ. ತಲುಪಿಸಲಾಗದ ಪತ್ರವನ್ನು ಕಳಿಸುವ ಸರ್ವರ್ ತನ್ನದೇ ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಎರಡು ಯತ್ನಗಳ ನಡುವೆ ಕನಿಷ್ಠ 30 ನಿಮಿಷ ಬಿಡಬೇಕು, ಕನಿಷ್ಠ 4–5 ದಿನವಾದರೂ ಕೈಬಿಡಬಾರದು ಎಂಬುದು ಆರ್‌ಎಫ್‌ಸಿ 5321ರ ಸಲಹೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಯಾರೂ ಬದಲಿಸದಿದ್ದರೆ ಈ ಅವಧಿ 5 ದಿನ. ಶನಿವಾರ ರಾತ್ರಿ ಬಿದ್ದ ಸರ್ವರ್ ಸೋಮವಾರ ಬೆಳಗ್ಗೆ ಎದ್ದರೂ ಬರಬೇಕಾದ ಪತ್ರಗಳಲ್ಲಿ ಬಹುಪಾಲು ತಡವಾಗಿಯಾದರೂ ಬರುತ್ತವೆ.

ಹೊಸಬ: ಹಾಗಾದರೆ ಇಷ್ಟೆಲ್ಲ ಏರ್ಪಾಡು ಯಾಕೆ?

ಹಳಬ: ಒಂದು ಕಾಲಕ್ಕೆ ಇದು ಬೇಕೇಬೇಕಿತ್ತು. 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಸಂಪರ್ಕವೆಂದರೆ ಮೋಡೆಮ್, ಫೋನ್ ಲೈನ್, ನಿಮಿಷದ ಲೆಕ್ಕದ ಬಿಲ್. ಅಂಥ ಡಯಲ್‌ಅಪ್ ಕಚೇರಿಯ ಸರ್ವರ್ ದಿನಕ್ಕೆ ಒಂದೆರಡು ಸಲ ಮಾತ್ರ ಲೋಕಕ್ಕೆ ಕಾಣಿಸುತ್ತಿತ್ತು. ಆ ಹೊತ್ತಿಗೇ ಸರಿಯಾಗಿ ಕಳಿಸುವವರ ಮರುಯತ್ನವೂ ಬೀಳಬೇಕೆಂದರೆ ಅದೃಷ್ಟವೇ ಬೇಕು. ಸದಾ ಎಚ್ಚರವಿರುವ ಬ್ಯಾಕಪ್ ಸರ್ವರ್ ಪತ್ರಗಳನ್ನು ಕೂಡಿಟ್ಟಿರುತ್ತಿತ್ತು. ಕಚೇರಿಯ ಸರ್ವರ್ ಸಂಪರ್ಕ ಸಿಕ್ಕ ಕೂಡಲೇ ಇಟಿಆರ್‌ಎನ್ ಎಂಬ ಆದೇಶ ಕಳಿಸಿ ‘ನನ್ನ ಕ್ಯೂ ಬಿಡು’ ಎಂದರೆ ಅದು ಎಲ್ಲವನ್ನೂ ಒಟ್ಟಿಗೆ ದಾಟಿಸುತ್ತಿತ್ತು. 1996ರ ಆರ್‌ಎಫ್‌ಸಿ 1985 ಹುಟ್ಟಿದ್ದೇ ಇದಕ್ಕಾಗಿ.

ಹೊಸಬ: ಆ ಕಾಲ ಹೋಯಿತಲ್ಲ.

ಹಳಬ: ಹೋಯಿತು. ಆದರೆ ಪೀಣ್ಯದ ಕಾರ್ಖಾನೆಯೊಂದು ತನ್ನ ಮೇಲ್ ಸರ್ವರನ್ನು ಕಚೇರಿಯ ಮೂಲೆಯ ಕೋಣೆಯಲ್ಲೇ ಇಟ್ಟುಕೊಂಡಿದೆ ಎನ್ನೋಣ. ಯುಪಿಎಸ್ ಕೈಕೊಡುತ್ತದೆ, ಇಲ್ಲವೇ ರಸ್ತೆ ಅಗೆಯುವವರು ಫೈಬರ್ ಕತ್ತರಿಸುತ್ತಾರೆ. ಬೆಂಗಳೂರಿನಲ್ಲಿ ಎರಡನೆಯದೇ ಹೆಚ್ಚು. ಲೈನ್ ಮತ್ತೆ ಬಂದಾಗ ಕಳಿಸಿದವರ ಕ್ಯೂ ಯಾವಾಗ ಕದಲುತ್ತದೆಂದು ಕಾರ್ಖಾನೆಯವರು ಹೇಳಲಾರರು. ಪೋಸ್ಟ್‌ಫಿಕ್ಸ್ ಕೂಡ ಮರುಯತ್ನದ ಅಂತರವನ್ನು ಹಿಗ್ಗಿಸುತ್ತಾ ಹೋಗಿ 4,000 ಸೆಕೆಂಡ್‌ಗೆ, ಅಂದರೆ ಒಂದು ಗಂಟೆಗೂ ಮಿಕ್ಕಿ, ನಿಲ್ಲಿಸುತ್ತದೆ. ಅದಕ್ಕಿಂತ ನಿಧಾನದ ಸರ್ವರ್‌ಗಳೂ ಉಂಟು. ಪತ್ರ ನಮ್ಮ ಬ್ಯಾಕಪ್‌ನಲ್ಲಿದ್ದರೆ ಒಂದು ಆದೇಶಕ್ಕೆ ಎಲ್ಲವೂ ಹೊರಡುತ್ತವೆ. ಎಷ್ಟು ಪತ್ರ, ಯಾರಿಂದ ಬಂದು ಕಾದಿವೆ ಎಂದು ಗ್ರಾಹಕರಿಗೆ ಹೇಳಲೂ ಬರುತ್ತದೆ. ಇನ್ನು, ಐದು ದಿನ ಕಾಯುವ ಶಿಸ್ತು ಎಲ್ಲರಿಗೂ ಇಲ್ಲ; ವೆಬ್‌ಸೈಟಿನ ಫಾರಂನಿಂದ ಪತ್ರ ಕಳಿಸುವ ಕೆಲವು ಸಣ್ಣ ಪ್ರೋಗ್ರಾಂಗಳು ಒಂದೇ ಸಲ ಯತ್ನಿಸಿ ಸುಮ್ಮನಾಗುತ್ತವೆ. ದುರಸ್ತಿ ಐದು ದಿನಕ್ಕಿಂತ ಉದ್ದವಾದರೆ ನಮ್ಮ ಕ್ಯೂನ ಗಡುವನ್ನು ನಾವೇ ಹಿಗ್ಗಿಸಬಹುದು. ಲಾಭ ಇಷ್ಟೇ. ಇದಕ್ಕೆ ಪ್ರತಿಯಾಗಿ ತಲೆಗೆ ಬರುವ ತೊಂದರೆಯನ್ನು ತೂಗಿ ನೋಡಬೇಕು.

ಹೊಸಬ: ತೊಂದರೆಗೆ ಆಮೇಲೆ ಬರೋಣ. ಮೊದಲು, ಸರ್ವರನ್ನು ಎಲ್ಲಿಡಬೇಕು?

ಹಳಬ: ಮುಖ್ಯ ಸರ್ವರ್ ಬಿದ್ದಾಗ ಜೊತೆಗೇ ಬೀಳದಂಥ ಜಾಗದಲ್ಲಿ. ಅದೇ ರ‍್ಯಾಕ್‌ನಲ್ಲಿ ಕೆಳಗಿನ ಅರೆಯಲ್ಲಿಟ್ಟರೆ ಕರೆಂಟು ಒಂದೇ, ಸ್ವಿಚ್ ಒಂದೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿನ ಒಂದು ಕಟ್ಟಡ ಪೂರ್ತಿ ಸುಟ್ಟು, ಪಕ್ಕದ ಇನ್ನೊಂದರ ಒಂದು ಭಾಗವೂ ಹೋಯಿತು. ಉಳಿದ ಕಟ್ಟಡಗಳನ್ನೂ ಆರಿಸಬೇಕಾಯಿತು. ಅದೇ ಆವರಣದಲ್ಲಿ ಬ್ಯಾಕಪ್ ಇಟ್ಟಿದ್ದವರಿಗೆ ಅದು ಕೆಲಸಕ್ಕೆ ಬರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನಗರವೇ ನೀರಿನಲ್ಲಿ ನಿಂತಾಗ ಊರಿನೊಳಗೆ ‘ಬೇರೆ ಜಾಗ’ ಎನ್ನುವುದಕ್ಕೆ ಅರ್ಥವಿರಲಿಲ್ಲ. ಹಾಗಾಗಿ ಬೇರೆ ಊರು, ಬೇರೆ ಸಂಪರ್ಕ ಸಂಸ್ಥೆ. ಬೆಂಗಳೂರಿನದಕ್ಕೆ ಮುಂಬೈ ಆದೀತು. ಡಿಎನ್‌ಎಸ್ ಸರ್ವರ್‌ಗಳೂ ಹೀಗೆ ಎರಡು ಕಡೆ ಹರಡಿರಬೇಕು. 1997ರ ಆರ್‌ಎಫ್‌ಸಿ 2182 ಹೇಳುವುದು ಇದನ್ನೇ, ಆದರೂ ಮರೆಯುವವರೇ ಹೆಚ್ಚು. ಆ ಡಿಎನ್‌ಎಸ್ ಸರ್ವರ್‌ಗಳೆರಡೂ ಮುಖ್ಯ ಸರ್ವರ್ ಬಿದ್ದ ಕೋಣೆಯಲ್ಲೇ ಇದ್ದರೆ ಪಕ್ಕದ ಮನೆಯ ವಿಳಾಸ ಹೇಳುವವರೇ ಇರುವುದಿಲ್ಲ. ಆಗ ಬ್ಯಾಕಪ್ ಇದ್ದೂ ಇಲ್ಲದಂತೆ.

ಹೊಸಬ: ಹೆಸರು, ದಾಖಲೆಗಳನ್ನು ಬರೆಯುವುದರಲ್ಲಿ ಎಡವುವಂಥದ್ದು ಏನಾದರೂ ಇದೆಯೇ?

ಹಳಬ: ಎಂಎಕ್ಸ್ ದಾಖಲೆಯಲ್ಲಿ ಐಪಿ ವಿಳಾಸ ಬರೆಯುವಂತಿಲ್ಲ, ಸರ್ವರಿನ ಹೆಸರನ್ನೇ ಬರೆಯಬೇಕು, ಆ ಹೆಸರು ಇನ್ನೊಂದು ಹೆಸರಿಗೆ ತಿರುಗಿಸುವ ಸಿನೇಮ್ ದಾಖಲೆಯಾಗಿರಬಾರದು, ನೇರ ಐಪಿಗೆ ಹೋಗಬೇಕು. ಐವತ್ತು ಗ್ರಾಹಕರಿದ್ದರೂ ಎಲ್ಲರ ದಾಖಲೆಯಲ್ಲೂ ಸೇವೆ ಕೊಡುವವರ ಡೊಮೈನಿನ ಒಂದೇ ಹೆಸರಿರಲಿ. ನಾಳೆ ಯಂತ್ರ ಬದಲಾದರೆ ಒಂದೇ ಕಡೆ ಐಪಿ ತಿದ್ದಿದರೆ ಮುಗಿಯಿತು, ಐವತ್ತು ಜನರಿಗೆ ಫೋನ್ ಮಾಡಬೇಕಿಲ್ಲ.

ಹೊಸಬ: ಪೋಸ್ಟ್‌ಫಿಕ್ಸ್‌ನಲ್ಲಿ ಡೊಮೈನ್ ಸೇರಿಸುವುದು ಒಂದು ಸಾಲಿನ ಕೆಲಸವಲ್ಲವೇ?

ಹಳಬ: ಒಂದೇ ಸಾಲು. ಆದರೆ ಯಾವ ಸಾಲಿನಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡೊಮೈನಿನ ಹೆಸರು ‘ರಿಲೇ ಡೊಮೈನ್ಸ್’ ಪಟ್ಟಿಗೆ ಹೋಗಬೇಕು. ಕೈತಪ್ಪಿ ‘ಮೈ ಡೆಸ್ಟಿನೇಷನ್’ ಸಾಲಿಗೆ ಹೋದರೆ ಸರ್ವರ್ ಅದನ್ನು ತನ್ನದೇ ಮನೆಯೆಂದು ಬಗೆದು, ಆ ಹೆಸರಿನ ಬಳಕೆದಾರರನ್ನು ತನ್ನೊಳಗೇ ಹುಡುಕಿ, ಕಾಣದೆ 550 ಎಂದು ಖಡಾಖಂಡಿತ ತಿರಸ್ಕರಿಸುತ್ತದೆ. ಐದರಿಂದ ಶುರುವಾಗುವ ಉತ್ತರವೆಂದರೆ ‘ಮತ್ತೆ ಬರಬೇಡ’ ಎಂದರ್ಥ. ಕಳಿಸಿದವರು ಅಲ್ಲಿಗೇ ಕೈಬಿಡುತ್ತಾರೆ. ಬ್ಯಾಕಪ್ ಇಲ್ಲದಿದ್ದರೆ ಕಾದು ತಲುಪುತ್ತಿದ್ದ ಪತ್ರ, ಬ್ಯಾಕಪ್ ಇದ್ದದ್ದಕ್ಕೇ ಸತ್ತಂತಾಯಿತು.

ಹೊಸಬ: ಪತ್ರವನ್ನು ಯಾವ ಸರ್ವರಿಗೆ ದಾಟಿಸಬೇಕೆಂದು ಬೇರೆಯಾಗಿ ಹೇಳಬೇಕೆ?

ಹಳಬ: ಹೇಳದಿದ್ದರೂ ನಡೆಯುತ್ತದೆ. ಅದು ಎಂಎಕ್ಸ್ ಪಟ್ಟಿಯಲ್ಲಿ ತನ್ನ ಹೆಸರನ್ನು ಹುಡುಕಿ, ತನ್ನಷ್ಟೇ ಅಥವಾ ತನಗಿಂತ ದೊಡ್ಡ ಸಂಖ್ಯೆಯವನ್ನು ಬಿಟ್ಟು, ಸಣ್ಣ ಸಂಖ್ಯೆಯದಕ್ಕೆ ಒಯ್ಯುತ್ತದೆ. ಪತ್ರ ತನಗೇ ಸುತ್ತಿಕೊಂಡು ಬರದಿರಲೆಂದು ಈ ನಿಯಮ. ಆದರೂ ಗ್ರಾಹಕರ ಸರ್ವರಿನ ಹೆಸರನ್ನು ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ನೇರವಾಗಿ ಬರೆದಿಡುವುದು ವಾಸಿ. ಡಿಎನ್‌ಎಸ್‌ನಲ್ಲಿ ಯಾರೋ ಸಂಖ್ಯೆ ಅದಲು ಬದಲು ಮಾಡಿದರೂ ಪತ್ರ ದಾರಿ ತಪ್ಪುವುದಿಲ್ಲ. ‘ಪರ್ಮಿಟ್ ಎಂಎಕ್ಸ್ ಬ್ಯಾಕಪ್’ ಎಂಬ ಇನ್ನೊಂದು ಸೌಲಭ್ಯವಿದೆ, ನೋಡಲು ಬಹಳ ಚಂದ: ಯಾವ ಡೊಮೈನಿನ ಎಂಎಕ್ಸ್ ಪಟ್ಟಿಯಲ್ಲಿ ಈ ಸರ್ವರಿನ ಹೆಸರಿದೆಯೋ ಅದಕ್ಕೆಲ್ಲ ತಾನಾಗಿ ಸೇವೆ ಸಿಗುತ್ತದೆ, ಪಟ್ಟಿ ಬರೆಯುವ ತಾಪತ್ರಯವೇ ಇಲ್ಲ. ಅಂದರೆ ಲೋಕದಲ್ಲಿ ಯಾರು ಬೇಕಾದರೂ ತಮ್ಮ ದಾಖಲೆಯಲ್ಲಿ ಈ ಹೆಸರು ಬರೆದುಕೊಂಡು ಬಿಟ್ಟಿ ಗ್ರಾಹಕರಾಗಬಹುದು. ಯಾವ ನೆಟ್‌ವರ್ಕ್‌ಗೆ ಮಾತ್ರ ಎಂದು ಕಟ್ಟು ಹಾಕಬಹುದು, ನಿಜ. ಆದರೆ ಅಷ್ಟು ಬರೆಯುವ ಹೊತ್ತಿಗೆ ಪಟ್ಟಿಯನ್ನೇ ಬರೆದು ಮುಗಿಸಿರಬಹುದು.

ಹೊಸಬ: ಇಲ್ಲಿಯವರೆಗೆ ಕಷ್ಟವೇನೂ ಕಾಣಲಿಲ್ಲ.

ಹಳಬ: ಕಷ್ಟ ಶುರುವಾಗುವುದೇ ಇಲ್ಲಿಂದ. ಪಕ್ಕದ ಮನೆಯವರಿಗೆ ಬೀಗ ಹಾಕಿದ ಮನೆಯಲ್ಲಿ ಯಾರು ಯಾರಿದ್ದಾರೆಂದು ಗೊತ್ತಿಲ್ಲ. ಬಂದ ರಿಜಿಸ್ಟರ್ಡ್ ಪತ್ರಗಳಿಗೆಲ್ಲ ಸಹಿ ಹಾಕಿ ಇಸಿದುಕೊಳ್ಳುತ್ತಾರೆ. ಮನೆಯವರು ಬಂದು, ‘ಈ ಹೆಸರಿನವರು ನಮ್ಮಲ್ಲಿಲ್ಲ’ ಎನ್ನುತ್ತಾರೆ. ಸಹಿ ಹಾಕಿದ ಮೇಲೆ ಪತ್ರದ ಹೊಣೆ ಪಕ್ಕದ ಮನೆಯವರದು. ಲಕೋಟೆಯ ಹಿಂದಿರುವ ವಿಳಾಸಕ್ಕೆ ವಾಪಸು ಕಳಿಸಬೇಕು. ಮೇಲ್‌ನಲ್ಲೂ ಅಷ್ಟೇ: 250 ಎಂದು ಒಪ್ಪಿಕೊಂಡ ಗಳಿಗೆಯಿಂದ ಆ ಪತ್ರದ ಹೊಣೆ ಒಪ್ಪಿಕೊಂಡ ಸರ್ವರಿನದು. ಮುಖ್ಯ ಸರ್ವರ್ ಬೇಡವೆಂದರೆ ಬ್ಯಾಕಪ್ ಒಂದು ಬೌನ್ಸ್ ಪತ್ರ ಬರೆದು ಕಳಿಸಿದವರಿಗೆ ತಿಳಿಸಬೇಕು.

ಹೊಸಬ: ತಿಳಿಸಿದರೆ ತಪ್ಪೇನು?

ಹಳಬ: ಸ್ಪ್ಯಾಮ್ ಕಳಿಸುವವರು ಲಕೋಟೆಯ ಹಿಂದೆ ತಮ್ಮ ವಿಳಾಸ ಬರೆಯುವುದಿಲ್ಲ, ಯಾರದೋ ಅಮಾಯಕರದನ್ನು ಬರೆಯುತ್ತಾರೆ. ಸ್ಪ್ಯಾಮ್‌ನವರು ಒಂದು ಡೊಮೈನಿಗೆ ನಿಘಂಟು ತೆರೆದಿಟ್ಟು ಹೆಸರಿನ ಮೇಲೆ ಹೆಸರು ಕಟ್ಟಿ ಕಳಿಸುವಾಗ ಸಿಕ್ಕಿದ್ದನ್ನೆಲ್ಲ ಒಪ್ಪಿಕೊಳ್ಳುವ ಬ್ಯಾಕಪ್, ಸಾವಿರಾರು ಬೌನ್ಸ್‌ಗಳನ್ನು ಆ ಅಮಾಯಕರ ಮೇಲೆ ಸುರಿಯುತ್ತದೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ. ಅವರು ದೂರು ಕೊಟ್ಟರೆ ಕಪ್ಪುಪಟ್ಟಿಗೆ ಬೀಳುವುದು ಬ್ಯಾಕಪ್ ಸರ್ವರಿನ ಐಪಿ. ಉಳಿದ ಬೌನ್ಸ್‌ಗಳು ಇಲ್ಲದ ವಿಳಾಸಗಳಿಗೆ ಹೊರಟು ಕ್ಯೂನಲ್ಲೇ ಐದು ದಿನ ಕೊಳೆಯುತ್ತವೆ. ಗ್ರಾಹಕರಿಗೆ ಉಪಕಾರ ಮಾಡಲು ಹೋಗಿ ಊರಿಗೆಲ್ಲ ಉಪದ್ರವ ಕೊಟ್ಟಂತೆ. ಆದ್ದರಿಂದ ಮುಖ್ಯ ಸರ್ವರ್‌ಗೆ ಯಾವ ವಿಳಾಸಗಳು ಗೊತ್ತೋ ಅವೆಲ್ಲ ಬ್ಯಾಕಪ್‌ಗೂ ಗೊತ್ತಿರಬೇಕು. ಗೊತ್ತಿಲ್ಲದವನ್ನು ಬಾಗಿಲಲ್ಲೇ, ಒಪ್ಪಿಕೊಳ್ಳುವ ಮೊದಲೇ, ತಿರಸ್ಕರಿಸಬೇಕು. ಇದು ಆಗದಿದ್ದರೆ ಬ್ಯಾಕಪ್ ಇಡದಿರುವುದೇ ಲೇಸು.

ಹೊಸಬ: ಗ್ರಾಹಕರ ವಿಳಾಸಗಳ ಪಟ್ಟಿ ನಮ್ಮ ಕೈಗೆ ಹೇಗೆ ಬರುತ್ತದೆ? ಅವರಲ್ಲಿ ತಿಂಗಳಿಗೆ ನಾಲ್ವರು ಸೇರುತ್ತಾರೆ, ಇಬ್ಬರು ಬಿಡುತ್ತಾರೆ.

ಹಳಬ: ಮೇಲ್‌ಬಾಕ್ಸ್‌ಗಳೂ ನಮ್ಮಲ್ಲೇ ಇದ್ದರೆ ಸುಲಭ. ಮುಖ್ಯ ಸರ್ವರಿನ ಡೇಟಾಬೇಸಿನಿಂದ ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ತೆಗೆದು ಬ್ಯಾಕಪ್‌ಗೆ ಕಳಿಸಿ ‘ರಿಲೇ ರಿಸಿಪಿಯಂಟ್ ಮ್ಯಾಪ್ಸ್’ಗೆ ಕಟ್ಟಿದರಾಯಿತು. ಮುಖ್ಯ ಸರ್ವರಿನ ಡೇಟಾಬೇಸನ್ನು ದೂರದಿಂದಲೇ ಕೇಳುವ ಹಾಗೆ ಮಾತ್ರ ಮಾಡಬಾರದು. ಅದು ಬಿದ್ದಾಗಲೇ ಅಲ್ಲವೇ ಪಟ್ಟಿ ಬೇಕಾಗುವುದು? ಪಟ್ಟಿಯ ಪ್ರತಿ ಬ್ಯಾಕಪ್‌ನೊಳಗೇ ಇರಬೇಕು. ಹೊಸ ಪಟ್ಟಿ ಖಾಲಿಯಾಗಿ ಬಂದರೆ ಹಳೆಯದನ್ನು ಅಳಿಸದಂತೆ ಒಂದು ತಡೆಯೂ ಬೇಕು. ಇಲ್ಲದಿದ್ದರೆ ಒಂದು ರಾತ್ರಿ ಸ್ಕ್ರಿಪ್ಟ್ ಎಡವಿದ್ದಕ್ಕೆ ಎಲ್ಲ ಗ್ರಾಹಕರ ಎಲ್ಲ ವಿಳಾಸಗಳೂ ‘ಇಲ್ಲ’ ಆಗುತ್ತವೆ.

ಹೊಸಬ: ಪೀಣ್ಯದ ಕಾರ್ಖಾನೆಯವರಂತೆ ಸರ್ವರ್ ಅವರದೇ ಆಗಿದ್ದರೆ?

ಹಳಬ: ಆಗ ಕೇಳಿ ತಿಳಿಯುವ ದಾರಿ. ಪೋಸ್ಟ್‌ಫಿಕ್ಸ್‌ನ ‘ರಿಜೆಕ್ಟ್ ಅನ್‌ವೆರಿಫೈಡ್ ರಿಸಿಪಿಯಂಟ್’ ಹಾಕಿದರೆ, ಪತ್ರ ಬಂದಾಗ ಬ್ಯಾಕಪ್ ಮುಖ್ಯ ಸರ್ವರಿಗೆ ಕರೆ ಮಾಡಿ ಈ ವಿಳಾಸಕ್ಕೆ ಪತ್ರ ತೆಗೆದುಕೊಳ್ಳುತ್ತೀಯಾ ಎಂದು ವಿಚಾರಿಸಿ, ಪತ್ರ ಕೊಡದೆ ಫೋನ್ ಇಡುತ್ತದೆ. ಬಂದ ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ: ‘ಹೌದು’ ಎಂದದ್ದನ್ನು ಮಾಮೂಲಿಯಾಗಿ 31 ದಿನ, ‘ಇಲ್ಲ’ ಎಂದದ್ದನ್ನು 3 ದಿನ. ಮುಖ್ಯ ಸರ್ವರ್ ಬಿದ್ದಾಗ ಈ ನೆನಪೇ ಆಸರೆ.

ಹೊಸಬ: ನೆನಪಿನಲ್ಲಿಲ್ಲದ ವಿಳಾಸಕ್ಕೆ ಅದೇ ಹೊತ್ತಿನಲ್ಲಿ ಪತ್ರ ಬಂದರೆ?

ಹಳಬ: 450 ಎನ್ನುತ್ತದೆ, ‘ಈಗಲ್ಲ, ಆಮೇಲೆ ಬಾ’ ಎಂದು. ಪತ್ರ ಕಳಿಸಿದವರ ಕ್ಯೂನಲ್ಲೇ ಕಾಯುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಏನಾಗುತ್ತಿತ್ತೋ ಅದೇ ಆಗುತ್ತದೆ, ಅದಕ್ಕಿಂತ ಕೆಟ್ಟದ್ದಲ್ಲ. ಈ ಉಪಾಯ ಫಲಿಸಬೇಕಾದರೆ ಮುಖ್ಯ ಸರ್ವರ್ ತನಗೆ ಗೊತ್ತಿಲ್ಲದ ಹೆಸರನ್ನು ಕೇಳಿದ ಕೂಡಲೇ ಬೇಡವೆನ್ನುವಂಥದ್ದಾಗಿರಬೇಕು. ಎಲ್ಲಕ್ಕೂ ಮೊದಲು ಹೂಂ ಎಂದು ಆಮೇಲೆ ಬೌನ್ಸ್ ಮಾಡುವ ಸರ್ವರ್‌ಗಳಿವೆ, ಯಾವ ಹೆಸರಿಗೆ ಬಂದರೂ ಒಂದೇ ಡಬ್ಬಿಗೆ ಹಾಕುವ ‘ಕ್ಯಾಚ್ ಆಲ್’ ಏರ್ಪಾಡುಗಳಿವೆ. ಅಲ್ಲಿ ಕೇಳಿ ಪ್ರಯೋಜನವಿಲ್ಲ.

ಹೊಸಬ: ಸ್ಪ್ಯಾಮ್ ಸೋಸುವುದನ್ನು ಮುಖ್ಯ ಸರ್ವರಿಗೇ ಬಿಡಬಹುದಲ್ಲವೇ?

ಹಳಬ: ಬಿಟ್ಟವರ ಹಿತ್ತಿಲ ಬಾಗಿಲನ್ನು ಸ್ಪ್ಯಾಮ್‌ನವರು ಕಂಡುಹಿಡಿದು ಬಹಳ ಕಾಲವಾಯಿತು. ಮುಖ್ಯ ಸರ್ವರ್ ಗಟ್ಟಿಮುಟ್ಟಾಗಿ ನಿಂತಿದ್ದರೂ ಅವರು ಬೇಕೆಂದೇ ದೊಡ್ಡ ಸಂಖ್ಯೆಯ ಎಂಎಕ್ಸ್‌ಗೇ ಮೊದಲು ಹೋಗುತ್ತಾರೆ, ಅಲ್ಲಿ ಕಾವಲು ಸಡಿಲ ಎಂದು. ಹೊಸದಾಗಿ ಬ್ಯಾಕಪ್ ಇಟ್ಟವರು ಲಾಗ್ ತೆರೆದು, ಬಂದದ್ದರಲ್ಲಿ ಬಹುಪಾಲು ಕಸವೇ ಎಂದು ಗಾಬರಿಯಾಗುವುದುಂಟು. ಎರಡೂ ಬಾಗಿಲಲ್ಲಿ ಒಂದೇ ಕಾವಲಿರಬೇಕು: ಅದೇ ಕಪ್ಪುಪಟ್ಟಿ, ಅದೇ ಎಸ್‌ಪಿಎಫ್ ತಪಾಸಣೆ, ಅದೇ ಫಿಲ್ಟರ್, ಅದೇ ಗಾತ್ರದ ಮಿತಿ. ಮುಖ್ಯ ಸರ್ವರ್ 25 ಎಂಬಿಯ ಪತ್ರ ತೆಗೆದುಕೊಳ್ಳುತ್ತಿದ್ದು, ಬ್ಯಾಕಪ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಮೂಲ ಮಿತಿಯಾದ ಸುಮಾರು 10 ಎಂಬಿಯೇ ಉಳಿದಿದ್ದರೆ, ನಕ್ಷೆ ಲಗತ್ತಿಸಿದ ಟೆಂಡರ್ ಪತ್ರ ಬ್ಯಾಕಪ್‌ನಿಂದಲೇ ತಿರಸ್ಕೃತವಾಗುತ್ತದೆ.

ಹೊಸಬ: ಬ್ಯಾಕಪ್ ಸೋಸಿ ಕಳಿಸಿದ್ದನ್ನು ಮುಖ್ಯ ಸರ್ವರ್ ಮತ್ತೊಮ್ಮೆ ಸೋಸಿದರೆ ಇನ್ನೂ ಒಳ್ಳೆಯದಲ್ಲವೇ?

ಹಳಬ: ಗುರುತು ಹಾಕಲಿ, ಬೇರೆ ಫೋಲ್ಡರಿಗೆ ತಳ್ಳಲಿ, ತಿರಸ್ಕರಿಸಬಾರದು. ತಿರಸ್ಕರಿಸಿದರೆ ಬೌನ್ಸ್ ಬರೆಯುವ ಪಾಡು ಮತ್ತೆ ಬ್ಯಾಕಪ್‌ನದು. ಎಸ್‌ಪಿಎಫ್ ವಿಷಯವಂತೂ ಇನ್ನೂ ನೇರ. ಈ ಡೊಮೈನಿನ ಪತ್ರ ಈ ಐಪಿಗಳಿಂದ ಮಾತ್ರ ಬರಬೇಕು ಎಂದು ಹೇಳುವುದೇ ಎಸ್‌ಪಿಎಫ್. ಬ್ಯಾಂಕಿನ ಪತ್ರ ಬ್ಯಾಕಪ್ ಮೂಲಕ ದಾಟಿ ಬಂದಾಗ ಮುಖ್ಯ ಸರ್ವರಿಗೆ ಕಾಣುವ ಐಪಿ ಬ್ಯಾಕಪ್‌ನದು, ಬ್ಯಾಂಕಿನದಲ್ಲ, ತಪಾಸಣೆಯಲ್ಲಿ ಫೇಲ್. ತಪಾಸಣೆಯಲ್ಲಿ ಬಿದ್ದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯಲ್ಲಿ ಬ್ಯಾಂಕು ‘ತಿರಸ್ಕರಿಸಿ’ ಎಂದು ಘೋಷಿಸಿದ್ದರೆ, ಡಿಕಿಮ್ ಎಂಬ ಡಿಜಿಟಲ್ ಸಹಿ ಇಲ್ಲದ ಪತ್ರ ಅಲ್ಲಿಗೇ ಮುಗಿಯಿತು. ಸಹಿ ಇದ್ದರೆ ಉಳಿದುಕೊಳ್ಳುತ್ತದೆ, ಬ್ಯಾಕಪ್ ಪತ್ರದ ಒಡಲಿಗೆ ‘ವೈರಸ್ ಇಲ್ಲ’ ಎಂಬಂಥ ಸಾಲು ಅಂಟಿಸಿ ಕೆಡಿಸದಿದ್ದರೆ. ಹಾಗಾಗಿ ಮುಖ್ಯ ಸರ್ವರಿನಲ್ಲಿ ಬ್ಯಾಕಪ್‌ನ ಐಪಿಗೆ ಎಸ್‌ಪಿಎಫ್, ಅಪರಿಚಿತರನ್ನು ಮೊದಲ ಸಲ ಕಾಯಿಸುವ ಗ್ರೇಲಿಸ್ಟಿಂಗ್, ಕಪ್ಪುಪಟ್ಟಿಗಳಿಂದ ವಿನಾಯಿತಿ ಬರೆಯಬೇಕು. ನಿಮಿಷಕ್ಕೆ ಇಷ್ಟೇ ಸಂಪರ್ಕ ಎಂಬ ಮಿತಿಯಿಂದಲೂ ಬೇಕು. ಎರಡು ದಿನದ ಪತ್ರಗಳನ್ನು ಒಟ್ಟಿಗೆ ಹೊತ್ತು ತಂದ ಬ್ಯಾಕಪ್ಪನ್ನೇ ದಾಳಿಕೋರನೆಂದು ತಿಳಿದು ಬಾಗಿಲು ಹಾಕಿಕೊಂಡ ಸರ್ವರ್‌ಗಳಿವೆ.

ಹೊಸಬ: ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್‌ಗೆ ಏನು ಮಾಡಬೇಕು?

ಹಳಬ: ಬ್ಯಾಕಪ್‌ನ ಹೆಸರಿಗೆ ತನ್ನದೇ ಸರ್ಟಿಫಿಕೇಟ್ ಬೇಕು. ಪತ್ರ ಟಿಎಲ್‌ಎಸ್ ಮೂಲಕವೇ ಬರಬೇಕೆನ್ನುವ ಎಂಟಿಎ-ಎಸ್‌ಟಿಎಸ್ ನೀತಿಯನ್ನು ಗ್ರಾಹಕರು ಹಾಕಿದ್ದರೆ, 2018ರ ಆರ್‌ಎಫ್‌ಸಿ 8461ರ ಪ್ರಕಾರ ಅವರ ನೀತಿಯ ಕಡತದಲ್ಲಿ ಬ್ಯಾಕಪ್‌ನ ಹೆಸರೂ ಇರಬೇಕು. ಇಲ್ಲದಿದ್ದರೆ ನೀತಿ ಕಟ್ಟುನಿಟ್ಟಾಗಿರುವಾಗ ಕಳಿಸುವವರು ಅದರತ್ತ ಸುಳಿಯುವುದಿಲ್ಲ. ಮೊದಲು ನೀತಿಯಲ್ಲಿ, ಆಮೇಲೆ ಎಂಎಕ್ಸ್‌ನಲ್ಲಿ ಸೇರಿಸುವುದು ಕ್ರಮ.

ಹೊಸಬ: ಡಿಸ್ಕ್ ಎಷ್ಟಿರಬೇಕು?

ಹಳಬ: ಲೆಕ್ಕ ಹಾಕಿ. ಒಂದು ಡೊಮೈನಿಗೆ ದಿನಕ್ಕೆ 2,000 ಪತ್ರ, ಸರಾಸರಿ 100 ಕೆಬಿ ಎಂದರೆ 200 ಎಂಬಿ. ಐವತ್ತು ಡೊಮೈನ್‌ಗಳು ಒಟ್ಟಿಗೆ ಬಿದ್ದರೆ ದಿನಕ್ಕೆ 10 ಜಿಬಿ, ಐದು ದಿನಕ್ಕೆ 50. ಇದರ ಎರಡರಷ್ಟು ಇಟ್ಟುಕೊಂಡರೆ ನಿಶ್ಚಿಂತೆ. ಡಿಸ್ಕ್ ಈಗ ಅಗ್ಗ. ದುಬಾರಿಯಾಗುವುದು ಕ್ಯೂ ಬೆಳೆಯುತ್ತಿದೆಯೆಂದು ಯಾರೂ ನೋಡದಿರುವುದು. ಬ್ಯಾಕಪ್‌ನ ಕ್ಯೂ ಮಾಮೂಲಿ ದಿನಗಳಲ್ಲಿ ಬಹುತೇಕ ಖಾಲಿ. ಆದ್ದರಿಂದ ಅದರಲ್ಲಿ ನೂರು ಪತ್ರ ಕೂಡಿದ ಕೂಡಲೇ ಮೊಬೈಲಿಗೆ ಸಂದೇಶ ಬರುವಂತೆ ಮಾಡಬೇಕು. ಗ್ರಾಹಕರ ಸರ್ವರ್ ಬಿದ್ದದ್ದು ಎಷ್ಟೋ ಸಲ ಮೊದಲು ತಿಳಿಯುವುದೇ ಹೀಗೆ. ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂಬುದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ. ಮೇಲ್‌ಬಾಕ್ಸ್ ಇಲ್ಲದ ಸರ್ವರ್ ಎಂದು ಇದನ್ನು ಹೊರಗಿಡುವಂತಿಲ್ಲ.

ಹೊಸಬ: ಎಲ್ಲ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಹಳಬ: ಬೀಳಿಸಿ ನೋಡಬೇಕು. ಗ್ರಾಹಕರಿಗೆ ಹೇಳಿ, ಒಂದು ಭಾನುವಾರ ಬೆಳಗ್ಗೆ ಮುಖ್ಯ ಸರ್ವರಿನ 25ನೆಯ ಪೋರ್ಟ್ ಮುಚ್ಚಿ. ಹೊರಗಿನ ಖಾತೆಯಿಂದ ಇರುವ ವಿಳಾಸಕ್ಕೊಂದು, ಇಲ್ಲದ ವಿಳಾಸಕ್ಕೊಂದು ಪತ್ರ ಕಳಿಸಿ. ಮೊದಲನೆಯದು ಬ್ಯಾಕಪ್‌ನ ಕ್ಯೂನಲ್ಲಿ ಕಾಣಬೇಕು. ಎರಡನೆಯದನ್ನು, ಪಟ್ಟಿಯಿದ್ದರೆ, ಬಾಗಿಲಲ್ಲೇ ತಡೆದಿರಬೇಕು. ಸಂಬಂಧವೇ ಇಲ್ಲದ ಮೂರನೆಯ ಡೊಮೈನಿಗೂ ಬ್ಯಾಕಪ್ ಮೂಲಕ ಪತ್ರ ಕಳಿಸಲು ಯತ್ನಿಸಿ. ಅದು ದಾಟಿದರೆ ಸರ್ವರ್ ಓಪನ್ ರಿಲೇ, ಆಗ ಕೂಡಲೇ ಆರಿಸಿಡಬೇಕು. ಆಮೇಲೆ ಪೋರ್ಟ್ ತೆರೆದು ಕ್ಯೂ ಬಿಡಿ. ಪತ್ರ ಮೇಲ್‌ಬಾಕ್ಸಿಗೇ ಬಂತೇ, ಸ್ಪ್ಯಾಮ್ ಫೋಲ್ಡರಿಗೆ ಹೋಯಿತೇ ನೋಡಿ. ವಿನಾಯಿತಿ ಬರೆಯಲು ಮರೆತದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಹೊಸಬ: ದೊಡ್ಡವರು ಹೀಗೆಲ್ಲ ಮಾಡುತ್ತಿಲ್ಲವಲ್ಲ? ಗೂಗಲ್ ವರ್ಕ್‌ಸ್ಪೇಸ್ ಹೊಸಬರಿಗೆ ಒಂದೇ ಎಂಎಕ್ಸ್ ಹೆಸರು ಕೊಡುತ್ತದೆ, ಮೈಕ್ರೋಸಾಫ್ಟ್ ಕೂಡ.

ಹಳಬ: ಆ ಒಂದು ಹೆಸರಿನ ಹಿಂದೆ ಹಲವು ಕಡೆ ಹಲವು ಯಂತ್ರಗಳಿವೆ, ಯಾವುದಕ್ಕೆ ಹೋದರೂ ಅದೇ ಪಟ್ಟಿ, ಅದೇ ಕಾವಲು. ಅಂಥವರ ಮೇಲ್ ಬಳಸುವ ಗ್ರಾಹಕರಿಗೆ ಹೊರಗಿನ ಬ್ಯಾಕಪ್ ಮಾರಬಾರದು. ಅದು ಅವರ ಗೋಡೆಗೆ ತೂತು ಕೊರೆದಂತೆ. ನಮ್ಮಲ್ಲೇ ಮೇಲ್‌ಬಾಕ್ಸ್ ಇರುವವರಿಗೂ, ಕೈಲಾದರೆ, ಕಾದು ಕೂರುವ ಬ್ಯಾಕಪ್‌ಗಿಂತ ಒಂದೇ ಸಂಖ್ಯೆಯ ಎರಡು ಪೂರ್ಣ ಸರ್ವರ್‌ಗಳು ಮೇಲು. ದಿನವೂ ದುಡಿಯುವ ಯಂತ್ರ ಕೆಟ್ಟರೆ ಅಂದೇ ತಿಳಿಯುತ್ತದೆ.

ಹೊಸಬ: ಗ್ರಾಹಕರು ಸೇವೆ ಬಿಟ್ಟು ಹೋದರೆ ಪಟ್ಟಿಯಿಂದ ಹೆಸರು ತೆಗೆದುಬಿಟ್ಟರೆ ಸಾಕೇ?

ಹಳಬ: ಅದೇ ದಿನ ತೆಗೆಯಬಾರದು. ಅವರು ಬೇರೆ ಕಡೆ ಹೋಗುವಾಗ 10ರ ಸಾಲು ಬದಲಿಸಿ 20ರದನ್ನು ಮರೆತಿರುತ್ತಾರೆ. ಹೊಸ ಸರ್ವರ್ ಒಂದು ಗಳಿಗೆ ತಡವರಿಸಿದರೂ ಪತ್ರ ಹಳೆಯ ಬ್ಯಾಕಪ್‌ಗೆ ಬರುತ್ತದೆ, ಹೆಸರು ತೆಗೆದಿದ್ದರೆ ಅದು ಪರಿಚಯವಿಲ್ಲವೆಂದು 554 ಹೇಳಿ ಕೊಲ್ಲುತ್ತದೆ. ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ಹಳೆಯ ಮನೆಯ ವಿಳಾಸ ಉಳಿದಿದ್ದರೆ ಇನ್ನೂ ಫಜೀತಿ, ಖಾಲಿ ಮನೆಗೆ ಐದು ದಿನ ಅಲೆದು ಹಿಂತಿರುಗುತ್ತದೆ. ಮೊದಲು ಟ್ರಾನ್ಸ್‌ಪೋರ್ಟ್ ಸಾಲನ್ನು ಹೊಸ ಸರ್ವರಿಗೆ ತಿರುಗಿಸಬೇಕು. ಆಮೇಲೆ ಅವರ ಎಂಎಕ್ಸ್‌ನಿಂದ ಬ್ಯಾಕಪ್‌ನ ಹೆಸರು ಹೋಯಿತೇ ಎಂದು ಡಿಎನ್‌ಎಸ್‌ನಲ್ಲಿ ನೋಡಬೇಕು. ಹೋದ ಮೇಲೂ ದಾಖಲೆಯ ಟಿಟಿಎಲ್, ಅಂದರೆ ಹಳೆಯ ಪ್ರತಿ ಚಾಲ್ತಿಯಲ್ಲಿರುವ ಅವಧಿ, ತೀರುವವರೆಗೆ ಕಾಯಬೇಕು. 86,400 ಸೆಕೆಂಡ್ ಎಂದಿದ್ದರೆ ಒಂದು ದಿನ. ಕ್ಯೂನಲ್ಲಿ ಅವರ ಪತ್ರ ಒಂದೂ ಉಳಿದಿಲ್ಲವೆಂದು ಕಂಡ ಮೇಲೆ ಪಟ್ಟಿಯಿಂದ ಹೆಸರು ತೆಗೆಯಬಹುದು.